ಮಾತು ಹುಟ್ಟಿದ ಮನೆ

ಮೊನ್ನೆ ವಿದ್ಯಾರ್ಥಿಯೊಬ್ಬ ಕೇಳಿದ: “ಇಂಗ್ಲಿಷಿನಲ್ಲಿ ‘ಆಸ್ಕ್’, ‘ಕ್ವೆಶ್ಚನ್’, ‘ಇಂಟರಾಗೇಟ್’ ಎಲ್ಲವೂ ಕೇಳುವುದೇ ಅಲ್ಲವೆ ಸಾರ್? ಮೂರು ಮಾತೇಕೆ?”

ಅರ್ಥ ಹತ್ತಿರವಾದರೂ ಹುಟ್ಟಿದ ಮನೆ ಬೇರೆ ಎಂದೆ.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಆಮೇಲೆ ಸುಮಾರು 300 ವರ್ಷ ಆಸ್ಥಾನದಲ್ಲಿ, ನ್ಯಾಯಸ್ಥಾನದಲ್ಲಿ ಫ್ರೆಂಚಿನದೇ ದರ್ಬಾರು. ಚರ್ಚಿನಲ್ಲಿ, ಪಂಡಿತರಲ್ಲಿ ಲ್ಯಾಟಿನ್. ಹೊಲದಲ್ಲಿ, ಒಲೆಯ ಮುಂದೆ ಇಂಗ್ಲಿಷು.

‘ಆಸ್ಕ್’ ಒಲೆಯ ಮುಂದಿನದು. ನೆರೆಯವಳು ಹಿಡಿ ಉಪ್ಪು ಕೇಳುವ ಹಾಗೆ. ‘ಕ್ವೆಶ್ಚನ್’ ಫ್ರೆಂಚಿನಿಂದ ಬಂದದ್ದು. ಅದರಲ್ಲಿ ಸಂಶಯದ ವಾಸನೆಯಿದೆ. ಲ್ಯಾಟಿನ್ ಮೂಲದ ‘ಇಂಟರಾಗೇಟ್’ಗೆ ಉತ್ತರ ಕೊಡುವವನು ಪೊಲೀಸು ಠಾಣೆಯಲ್ಲಿ ನಿಂತಿರುತ್ತಾನೆ.

ಜನಕ್ಕೆ ಫ್ರೆಂಚು ತಿಳಿಯದೆಂದು 1362ರಲ್ಲಿ, ನ್ಯಾಯಸ್ಥಾನದ ವಾದ ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಕಾನೂನಾಯಿತು. ಆ ಕಾನೂನನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲಿ!

ಗೆದ್ದವರ ಮಾತಿಗೆ ಗತ್ತು ಬಂತು. ಸೋತವರ ಮಾತಿನಲ್ಲಿ ಅಕ್ಕರೆ ಉಳಿಯಿತು.

ಇಷ್ಟನ್ನು ಹೇಳಿ ಬೀಗುತ್ತ ಮನೆಗೆ ಬಂದೆ. ಮೇಜಿನ ಮೇಲೆ ಅದೇ ಹುಡುಗನ ಪ್ರಬಂಧವಿತ್ತು. ಅವನು ‘ಹಸಿವು’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ‘ಕ್ಷುಧೆ’ ಎಂದು ತಿದ್ದಿದ್ದೆ. ಕನ್ನಡದ ಮೇಷ್ಟರಾದ ನಾನೇ ನಮ್ಮ ಒಲೆಯ ಮಾತನ್ನು ಹೊರಗೆ ನಿಲ್ಲಿಸಿದ್ದೆ. ಈ ಸಲ ನನ್ನ ತಿದ್ದುಪಡಿಯನ್ನೇ ಹೊಡೆದುಹಾಕಿದೆ.