ನಮ್ಮ ಸೀಮಿಯ ಸೀಕರಣಿ

ನಾನು ಏಳನೇ ಇಯತ್ತೆ ಕಲಿತು ಶಾಲಿ ಬಿಟ್ಟಾಂವ. ಜತ್ ತಾಲೂಕಿನ ಒಂದು ಹಳ್ಳ್ಯಾಗ ಒಕ್ಕಲತನ ಮಾಡ್ಕೊಂತ, ರಾತ್ರಿ ಗೀಗೀ ಪದ, ಡೊಳ್ಳಿನ ಪದ ಹಾಡ್ಕೊಂತ ಬಂದೀನಿ. ಹಳೇದು ಏನರ ಬರದು ಕೊಡ್ರಿ ಅಂತ ವಾಚನಾಲಯದ ಗುರುಗಳು ಕೇಳಿದ್ರು. ರಾಜರ ಕಥಿ ಬಲ್ಲವರು ಬರೀಲಿ, ನಾ ಸೀಕರಣಿ ಕಥಿ ಬರಿತೀನಿ ಅಂದೆ. ಅವರು ನಕ್ಕರು. ಆದರ ಈ ಕಥಿ ಬರಿಯಾಕ ಕಾರಣ ಐತಿ.

ಹೋದ ಬ್ಯಾಸಗ್ಯಾಗ ಮೊಮ್ಮಗಳು ಫೋನಿನಾಗ ಒಂದು ಚಿತ್ರ ತೋರಿಸಿ, "ಅಜ್ಜಾ, ಇದು ಸ್ಮೂದಿ. ಮೈಗೆ ಭಾಳ ಚಲೋ ಅಂತ. ಮಾಡೂಣು?" ಅಂದ್ಲು. ನೋಡಿದೆ. ಮಾವಿನಹಣ್ಣು, ಹಾಲು, ಯಾಲಕ್ಕಿ. ಮಿಕ್ಸರದಾಗ ತಿರುವಿ ಗ್ಲಾಸಿಗೆ ಹಾಕ್ಯಾರ. "ಇದು ನಮ್ಮ ಸೀಕರಣಿ ಅಲ್ಲೇನವ್ವಾ?" ಅಂದೆ. "ಸೀಕರಣಿ ಅಂದ್ರ ಏನಜ್ಜಾ?" ಅಂದ್ಲು. ಅವತ್ತು ನನಗ ಊಟ ಸೇರಲಿಲ್ಲ. ನಮ್ಮವ್ವ ಪ್ರತಿ ಕಾರ ಹುಣ್ಣಿವಿಗೆ ಹೋಳಿಗಿ ಜೋಡಿ ಬಡಸತಿದ್ದ ಪದಾರ್ಥದ ಹೆಸರು ನನ್ನ ಮನಿಯಾಗನ ಸತ್ತು ಹೋಗಿತ್ತು.

ಗುರುಗಳ ಹಂತ್ಯಾಕ ಹೋಗಿ ಕೇಳಿದೆ. ಅವರು ಪುಸ್ತಕ ತೆಗೆದು ಓದಿ ಹೇಳಿದ್ದು ಹಿಂಗ ಐತಿ.

ಸೀಕರಣಿ ಅನ್ನೋದು ಶಿಖರಿಣಿ ಅನ್ನೋ ಹಳೇ ಮಾತಿನಿಂದ ಬಂದದ್ದು. ಆ ಕಾಲದ ಶಿಖರಿಣಿಯಾಗ ಮೊಸರು ಮುಖ್ಯ. ಮೊಸರಿನ ನೀರು ಬಸಿದು, ಸಕ್ರಿ ಕೂಡಿಸಿ ಕಡೆದು, ಯಾಲಕ್ಕಿಯಂಥ ಸುವಾಸಿ ಪದಾರ್ಥ ಹಾಕತಿದ್ರು. ಭೀಮಸೇನ ವಿರಾಟರಾಯನ ಮನಿಯಾಗ ಅಡಿಗಿ ಮಾಡುವಾಗ ಇದನ್ನ ಕಂಡು ಹಿಡಿದ ಅಂತ ಹಿರಿಯರು ಕಥಿ ಹೇಳ್ತಾರ. ಕಥಿ ಇರಲಿ, ಬರದಿಟ್ಟದ್ದೂ ಐತಿ. 1025ರ ಸುಮಾರು ಚಾವುಂಡರಾಯ ಅನ್ನೋ ಕವಿ ಕನ್ನಡದಾಗ ಲೋಕೋಪಕಾರ ಅಂತ ಪುಸ್ತಕ ಬರದ. ಬಾವಿ ತೋಡಾಕ ನೀರು ಎಲ್ಲಿ ನೋಡಬೇಕು, ಗಿಡಕ್ಕ ರೋಗ ಬಂದ್ರ ಏನು ಮಾಡಬೇಕು, ದನಕ್ಕ ಯಾವ ಔಷಧ, ಎಲ್ಲಾ ಅದರಾಗ ಐತಿ. ಅದರ ಅಡಿಗಿ ಭಾಗದಾಗ ಶಿಖರಿಣಿ ಮಾಡೋ ಬಗಿನೂ ಐತಿ. ಹೊಲ ಮತ್ತ ಒಲಿ ಎರಡೂ ಒಂದ ಪುಸ್ತಕದಾಗ! ಚಾವುಂಡರಾಯ ಚಾಲುಕ್ಯ ಅರಸ ಜಯಸಿಂಹನ ಆಶ್ರಯದಾಗ ಇದ್ದಾಂವ. ಮುಂದ ಅದ ವಂಶದ ಮೂರನೇ ಸೋಮೇಶ್ವರ ಕಲ್ಯಾಣದಾಗ ಕುಂತು ಸಂಸ್ಕೃತದಾಗ ಮಾನಸೋಲ್ಲಾಸ ಬರಸಿದ. ಅದರಾಗೂ ಊಟದ ವಿಚಾರ, ಪಾನಕದ ವಿಚಾರ ಬೇರೆ ಬೇರೆ ಭಾಗಾನ ಐತಿ. ಆ ಕಲ್ಯಾಣ ಅಂದ್ರ ಈಗಿನ ಬಸವಕಲ್ಯಾಣ. ಆಗ ನಮ್ಮ ಸೊಲ್ಲಾಪುರ, ಅಕ್ಕಲಕೋಟ, ಜತ್ ಸೀಮಿ ಎಲ್ಲಾ ಅವರ ಆಳ್ವಿಕಿಯಾಗ ಇತ್ತು.

1508ರ ಸುಮಾರು ಮೂರನೇ ಮಂಗರಸ ಸೂಪಶಾಸ್ತ್ರ ಅಂತ ಅಡಿಗಿ ಪುಸ್ತಕಾನ ಬರದ. ಇಡೀ ಪುಸ್ತಕ ವಾರ್ಧಕ ಷಟ್ಪದಿಯಾಗ ಐತಿ ಅಂತ ಗುರುಗಳು ಹೇಳಿದಾಗ ಹಾಡಕಿ ಮಾಡೋ ನನಗ ಭಾಳ ಹಿಗ್ಗಾತು. ಅಡಿಗಿನೂ ಪದ್ಯ ಮಾಡಿ ಹೇಳೋ ಮಂದಿ ನಾವು.

ಬರಬರತ ಆ ಒಂದು ಮಾತು ಎರಡು ದಾರಿ ಹಿಡೀತು. ಮೊಸರಿನ ದಾರಿ ಹಿಡಿದದ್ದು ಶ್ರೀಖಂಡ ಆತು ಅಂತ ಬಲ್ಲವರು ಹೇಳ್ತಾರ. ಹಣ್ಣು ಹಾಲಿನ ದಾರಿ ಹಿಡಿದದ್ದು ಸೀಕರಣಿ ಆತು. ಬಾಜೂ ಮನಿ ಮರಾಠಿ ಅಕ್ಕಗೋಳು ಬಾಳಿಹಣ್ಣು ಹಾಲು ಕಲಸಿದ್ದಕ್ಕ ಶಿಕ್ರಣ ಅಂತಾರ. ಮಾತು ಅದ, ಬಾಯಿ ಬ್ಯಾರೆ. ಕಾಸರಗೋಡ ಕಡೆ ಕನ್ನಡದವರು ತೆಂಗಿನ ಹಾಲು ಹಾಕಿ ಮಾಡಿ ರಸಾಯನ ಅಂತಾರ. ಅಲ್ಲಿ ತೆಂಗು, ಇಲ್ಲಿ ಎಮ್ಮಿ. ನೆಲ ಏನು ಕೊಡತದ ಅದು ಬಟ್ಟಲಕ್ಕ ಬರತದ.

ಈಗ ನಮ್ಮ ಮನಿ ಕಥಿಗೆ ಬರತೀನಿ. ನಮ್ಮ ಹೊಲದ ಬದುವಿನ ಮ್ಯಾಲ ಅಜ್ಜ ಹಚ್ಚಿದ ಒಂದು ಜವಾರಿ ಮಾವಿನ ಗಿಡ ಇತ್ತು. ಹಣ್ಣು ಸಣ್ಣು, ನಾರು ಭಾಳ, ರಸ ಜೇನು. ಅವ್ವ ಕಾಯಿ ಹುಲ್ಲಾಗ ಮುಚ್ಚಿ ಹಣ್ಣ ಮಾಡತಿದ್ಲು. ಹಬ್ಬದ ದಿನ ತಣ್ಣೀರಾಗ ನೆನಿ ಇಟ್ಟು, ಕೈಲೆ ಹಿಚುಕಿ ರಸ ತಗದು, ವಾಟಿಗೆ ತುಸು ಹಾಲು ಹಾಕಿ ತೊಳದು ಅದನ್ನೂ ಕೂಡಸತಿದ್ಲು. ಕಲಾಯಿ ಇಲ್ಲದ ಹಿತ್ತಾಳಿ ಪಾತ್ರ್ಯಾಗ ಹುಳಿ ಕಿಲುಬು ಬಿಡತದ ಅಂತ ಕಲ್ಲಿನ ಪಾತ್ರ್ಯಾಗನ ಕಲಸತಿದ್ಲು. ವಾಟಿ ಚೀಪಾಕ ನಮ್ಮ ನಮ್ಮೊಳಗ ಜಗಳ.

1972ರ ಬರ ಬಂತು. ಅದ ವರ್ಷ ನನ್ನ ಶಾಲಿ ಮುಗೀತು. ಸರಕಾರದ ಕಾಮಗಾರಿ ಮ್ಯಾಲ ಅಪ್ಪನ ಜೋಡಿ ಖಡಿ ಒಡಿಯಾಕ ಹೋದೆ. ಪರದೇಶದ ಕೆಂಪು ಮಿಲೋ ಜೋಳ ತಿಂದು ದಿನಾ ದೂಡಿದ್ವಿ. ಎತ್ತು ಮಾರಿದ್ವಿ, ಅವ್ವನ ಬೋರಮಾಳ ಹೋತು. ಕಟಗಿ ವ್ಯಾಪಾರಿ ಬಂದು ಮಾವಿನ ಗಿಡ ಕೇಳಿದ. ಅಪ್ಪ, "ಮಳಿ ಬಂದ ಬರತದ, ಈ ಗಿಡ ಮತ್ತ ಬರೂದಿಲ್ಲ" ಅಂದು ಕಳಿಸಿಬಿಟ್ಟ.

ಅಂಥಾ ಬರದಾಗ ಅಪ್ಪ ಉಳಿಸಿದ ಗಿಡಾನ, ಹೊಟ್ಟಿ ತುಂಬ ಉಂಡ ಕಾಲದಾಗ ನಾ ಕಡಿಸಿದೆ. 1996ರಾಗ ದಾಳಿಂಬ್ರಿ ಹಚ್ಚೂದಿತ್ತು, ನೆಳ್ಳು ಬೀಳತದ ಅಂತ ನೆವ. ನಾಕು ದುಡ್ಡು ಬಂದದ್ದು ಖರೆ. ಮುಂದ ತೇಲ್ಯಾ ರೋಗ ಬಂದು ಹಣ್ಣೆಲ್ಲ ಕರೀ ಕಲಿ ಬಿದ್ದು ಸೀಳಿದ್ವು. ಗಿಡ ಕಿತ್ತಿ ಬೆಂಕಿ ಹಚ್ಚಿದ ದಿನ ಅಪ್ಪನ ಮಾತು ನೆನಪಾತು. ರೊಕ್ಕ ಕೊಟ್ಟು ಅಂಗಡಿ ಮಾವು ತಂದು ಸೀಕರಣಿ ಮಾಡೂದು ಅವ್ವಗ ಮನಸಾಗಲಿಲ್ಲ. ಹಂಗ ಬಿಟ್ಟು ಹೋತು. ಮೊಮ್ಮಗಳಿಗೆ ಹೆಸರು ಗೊತ್ತಿಲ್ಲ ಅಂದ್ರ ತಪ್ಪು ಫೋನಿಂದಲ್ಲ, ನಂದು.

ದೇವರು ದೊಡ್ಡಾಂವ. ನನ್ನ ಅಕ್ಕನ ಇಂಡಿ ತಾಲೂಕಿಗೆ ಕೊಟ್ಟೈತಿ. ಅವ್ವ ಕಳಿಸಿದ ಹಣ್ಣಿನ ವಾಟಿ ಒಂದನ್ನ ಆಕಿ ತನ್ನ ಹಿತ್ತಲದಾಗ ಊರಿದ್ಲು. ಅದು ದೊಡ್ಡ ಗಿಡ ಆಗಿತ್ತು. 2009ರಾಗ ಅಲ್ಲಿಂದ ವಾಟಿ ತಂದು ಮತ್ತ ಅದ ಬದುವಿಗೆ ಊರಿದೆ. ಈಗ ಕಾಯಿ ಬಿಡತದ. ವಾಟಿಯಿಂದ ಹುಟ್ಟಿದ ಗಿಡದ ಹಣ್ಣು ಪೂರಾ ಅದ ರುಚಿ ಇರೂದಿಲ್ಲ, ತುಸು ಹುಳಿ ಹೆಚ್ಚು. ನಡೀತದ.

ಮಾಡೋ ಬಗಿ ಹೇಳಿ ಮುಗಸತೀನಿ. ನಾಕು ಮಂದಿಗೆ ನಾಕು ಮಾವಿನಹಣ್ಣು ಅರ್ಧ ತಾಸು ನೀರಾಗ ನೆನಿ ಇಡ್ರಿ. ರಸ ಹಿಂಡಿ ನಾರು ಸಮೇತ ಇಡ್ರಿ, ಸೋಸಬ್ಯಾಡ್ರಿ, ಹೊಟ್ಟಿಗೆ ನಾರು ಚಲೋ. ಕಾಸಿ ಪೂರಾ ಆರಿಸಿದ ಹಾಲು ಎರಡು ಬಟ್ಟಲ ಕೂಡಸ್ರಿ. ಬಿಸಿ ಹಾಲಿಗೆ ಹುಳಿ ಹಣ್ಣು, ಬೆಲ್ಲ ಬಿದ್ರ ಒಡೀತದ. ಹಣ್ಣು ಸಿಹಿ ಇದ್ರ ಬೆಲ್ಲ ಬ್ಯಾಡ, ಸಪ್ಪಗಿದ್ರ ಅಡಕಿಯಷ್ಟು ಸಾಕು. ಎರಡು ಯಾಲಕ್ಕಿ, ಒಂದು ಚಿಟಿಕಿ ಒಣಶುಂಠಿ. ಮಿಕ್ಸರ ಇದ್ರ ತಿರುವ್ರಿ, ತಪ್ಪಿಲ್ಲ. ಮಾಡಿದ ಕೂಡಲೆ ಕುಡೀರಿ. ಚಳಿಗಾಲಕ್ಕ ಬಾಳಿಹಣ್ಣು ನಡೀತದ. ಸಕ್ರಿ ಬ್ಯಾನಿ ಇದ್ದವರು ಬೆಲ್ಲ ಐತಿ ಅಂತ ಮೋಸ ಹೋಗಬ್ಯಾಡ್ರಿ, ಬೆಲ್ಲನೂ ಸಕ್ರಿನ. ನನಗೂ ಐತಿ, ನಾ ಎರಡು ಗುಟುಕು ಅಷ್ಟ ಕುಡೀತೀನಿ. ಕಾರ್ಬೈಡ್ ಹಾಕಿ ಹಣ್ಣ ಮಾಡಿದ್ದು ತರಬ್ಯಾಡ್ರಿ, ಅದಕ್ಕ ಕಾಯ್ದೆದಾಗ ಬಂದಿ ಐತಿ.

ಈ ಸಲ ಕಾರ ಹುಣ್ಣಿವಿಗೆ ಮೊಮ್ಮಗಳ ಕೈಲೆನ ಹಿಚುಕಿಸಿದೆ. ಮೊಣಕೈ ತನಕ ರಸ ಇಳಿಸಿಕೊಂಡು ಬಾಜೂ ಮನಿಗೆ ಒಂದು ಬಟ್ಟಲ ಒಯ್ದು ಕೊಟ್ಟು ಬಂದ್ಲು. "ಏನವ್ವಾ ಇದು?" ಅಂತ ಕೇಳಿದ್ರಂತ. "ಸೀಕರಣಿ" ಅಂದೆ ಅಜ್ಜಾ ಅಂದ್ಲು. ಬರದದ್ದರಾಗ ತಪ್ಪಿದ್ರ ಹಿರಿಯರು ತಿದ್ದಬೇಕು.