ಪಾಷಾಣ ತೋರಿಸುವ ಕನ್ನಡಿ



ಇಲಿ ಪಾಷಾಣ ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಆರ್ಸೆನಿಕ್‌ಗೆ ನಮ್ಮಲ್ಲಿರುವ ಹಳೆಯ ಹೆಸರು ಪಾಷಾಣ. ಅದರ ಬಿಳಿ ಪುಡಿಗೆ ವಾಸನೆಯಿಲ್ಲ, ರುಚಿಯೂ ಇಲ್ಲವೆನ್ನಬಹುದು. ಕಾಫಿಯಲ್ಲಿ ಬೆರೆತರೆ ಪತ್ತೆ ಹಚ್ಚುವುದು ಹೇಗೆ?

1833ರ ನವೆಂಬರಿನಲ್ಲಿ, ಲಂಡನ್ ಬಳಿಯ ಪ್ಲಮ್‌ಸ್ಟೆಡ್‌ನಲ್ಲಿ, ಜಾರ್ಜ್ ಬೋಡ್ಲ್ ಎಂಬ ಸ್ಥಿತಿವಂತ ವೃದ್ಧ ಬೆಳಗಿನ ಕಾಫಿ ಕುಡಿದು ಹಾಸಿಗೆ ಹಿಡಿದ, ಕೆಲವೇ ದಿನಗಳಲ್ಲಿ ತೀರಿಕೊಂಡ. ಮೊಮ್ಮಗನ ಮೇಲೆ ಮೊಕದ್ದಮೆ ಹೂಡಿದರು. ವೂಲಿಚ್ ಶಸ್ತ್ರಾಗಾರದ ರಸಾಯನತಜ್ಞ ಜೇಮ್ಸ್ ಮಾರ್ಷ್ ಆ ಕಾಫಿಯನ್ನು ಪರೀಕ್ಷಿಸಿ ಹಳದಿ ಗಸಿ ತೆಗೆದ. ಅದು ಪಾಷಾಣದ್ದೇ ಗುರುತು. ಆದರೆ ಜೂರಿಗಳ ಮುಂದೆ ಹೋಗುವಷ್ಟರಲ್ಲಿ ಅದು ಕೆಟ್ಟುಹೋಗಿತ್ತಂತೆ. ಮೊಮ್ಮಗ ಖುಲಾಸೆಯಾದ!

ಮಾರ್ಷ್ ಸುಮ್ಮನೆ ಕೂರಲಿಲ್ಲ. 1836ರಲ್ಲಿ ಹೊಸ ವಿಧಾನ ಪ್ರಕಟಿಸಿದ. ಸಂಶಯದ ವಸ್ತುವಿಗೆ ಸತುವು ಮತ್ತು ಆಮ್ಲ ಸೇರಿಸಿದರೆ ಆರ್ಸೀನ್ ಅನಿಲ ಏಳುತ್ತದೆ. ಅದನ್ನು ಉರಿಸಿ, ಜ್ವಾಲೆಗೆ ತಣ್ಣನೆಯ ಪಿಂಗಾಣಿ ಒಡ್ಡಿದರೆ ಕನ್ನಡಿಯಂತೆ ಹೊಳೆಯುವ ಕಪ್ಪು ಕಲೆ ಕೂರುತ್ತದೆ. ಯಾರು ಬೇಕಾದರೂ ಕಣ್ಣಾರೆ ನೋಡಬಹುದಾದ ಸಾಕ್ಷಿ.

ಅದೇ ಅನಿಲ ಒಂದೂವರೆ ಶತಮಾನದ ಮೇಲೆ ನಮ್ಮ ದೇಶದ ಕೊಳವೆಬಾವಿಗಳ ಕಥೆಗೂ ಬಂತು. 1983ರಲ್ಲಿ ಕೋಲ್ಕತ್ತದ ಚರ್ಮವೈದ್ಯ ಡಾ. ಕೆ. ಸಿ. ಸಾಹಾ, ಬಂಗಾಳದ ಹಳ್ಳಿಗರ ಮೈಮೇಲಿನ ಕಲೆಗಳಿಗೆ ಕುಡಿಯುವ ನೀರಿನ ಆರ್ಸೆನಿಕ್ ಕಾರಣವೆಂದು ಗುರುತಿಸಿದರು. ಇಲ್ಲಿ ವಿಷ ಹಾಕಿದವರು ಯಾರೂ ಇರಲಿಲ್ಲ. ಅದು ನೆಲದಡಿಯ ಮಣ್ಣಿನಲ್ಲೇ ಇತ್ತು. ಬಾವಿ ಬಾವಿಗೂ ಒಯ್ಯಲು ಪುಟ್ಟ ಪರೀಕ್ಷಾ ಪೆಟ್ಟಿಗೆಗಳು ಬಂದವು. ಏಳುವ ಆರ್ಸೀನ್ ತಾಗಿದರೆ ಬಿಳಿ ಕಾಗದದ ಪಟ್ಟಿ ಹಳದಿಯಾಗಿ, ಕಂದಾಗುತ್ತದೆ. ಬಾಂಗ್ಲಾದೇಶದಲ್ಲಿ ಈ ಬಣ್ಣ ನೋಡಿಯೇ ಲಕ್ಷಾಂತರ ಬಾವಿಗಳಿಗೆ ಕೆಂಪು, ಹಸಿರು ಬಳಿದರು.

ತೊಡಕು ಇರುವುದೂ ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಸೂಚಿಸಿದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನಮ್ಮ ಅಪಾರ್ಟ್‌ಮೆಂಟುಗಳ ಲೆಕ್ಕದಲ್ಲಿ ಹೇಳುವುದಾದರೆ, 10,000 ಲೀಟರಿನ ಹತ್ತು ಟ್ಯಾಂಕರ್ ನೀರಿಗೆ ಒಂದೇ ಗ್ರಾಂ! ಅಷ್ಟು ತೆಳು ಹಳದಿಯನ್ನು ಬರಿಗಣ್ಣು ನಂಬಿಕೆಯಿಂದ ಓದೀತೇ? ಕೆಂಪಾಗಬೇಕಿದ್ದ ಬಾವಿ ಹಸಿರಾದರೆ ಒಂದಿಡೀ ಮನೆ ಅದನ್ನೇ ಕುಡಿಯುತ್ತದೆ. ಈಗಿನ ಸಂವೇದಕಗಳು ಬಣ್ಣದ ಗೊಡವೆಗೇ ಹೋಗುವುದಿಲ್ಲ. ಚಿನ್ನದ ವಿದ್ಯುದ್ವಾರದ ಮೇಲೆ ಆರ್ಸೆನಿಕ್ಕನ್ನು ಕೂರಿಸಿ, ಮತ್ತೆ ಕಳಚುವಾಗ ಹರಿಯುವ ವಿದ್ಯುತ್ತನ್ನು ಅಳೆಯುತ್ತವೆ.

ಚಿನ್ನವೆಂದಾಗ ಇದೂ ನೆನಪಾಯಿತು. ನಮ್ಮ ಯಾದಗಿರಿ ಕಡೆಯ ಹಳೆಯ ಚಿನ್ನದ ಗಣಿ ಪ್ರದೇಶದ ನೀರಿನಲ್ಲೂ ಆರ್ಸೆನಿಕ್ ಇರುವುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿವರಿಸಿದೆ. ಊರಿನವರಿಗೆ ಫೋನ್ ಮಾಡಿದಾಗ ಒಂದು ಮಾತು ತಿಳಿಸಿ: ನೀರು ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ.