ಬಸ್ಸಿನ ಬಾಯಾರಿಕೆ, ಕಾರಿನ ಬೆವರು

ಕಟಪಾಡಿ ಪೇಟೆಯಿಂದ ಮೂಡಕ್ಕೆ ತಿರುಗಿದರೆ ಶಂಕರಪುರದ ಮಲ್ಲಿಗೆ ತೋಟಗಳು, ಆಮೇಲೆ ಶಿರ್ವ, ಬೆಳ್ಮಣ್, ಕಾರ್ಕಳ. ಇನ್ನೂ ಮುಂದುವರಿದರೆ ಹೆಬ್ರಿ, ಸೋಮೇಶ್ವರ, ಆಗುಂಬೆ. ಕಡಲ ಕರೆಯಿಂದ ಹೊರಟ ವಾಹನ ಹೀಗೆ ಸುಮಾರು 640 ಮೀಟರ್ ಎತ್ತರಕ್ಕೆ ಏರುತ್ತದೆ. ಏರಿಕೆಯ ಬಹುಪಾಲು ಕೊನೆಯ 14 ಹೇರ್‌ಪಿನ್ ತಿರುವುಗಳಲ್ಲೇ. ಇಂಜಿನು ಕುದಿಯುವುದೆಂದರೇನೆಂದು ನಮ್ಮ ಜನ ಕಂಡುಕೊಂಡದ್ದು ಇಂಥ ಘಾಟಿಗಳಲ್ಲಿ.

ಇಂದಿನ ಕಾರುಗಳಲ್ಲಿ ಇದೇ ಕುದಿತ ಬೇರೊಂದು ವೇಷದಲ್ಲಿ ಬರುವುದುಂಟು. ಉಷ್ಣತೆಯ ಮುಳ್ಳು ಕೆಂಪಿನತ್ತ ಸರಿಯುತ್ತದೆ. ಮುಂದಿನ ಗಾಜಿನ ಒಳಮೈಗೆ ಜಿಡ್ಡು ಜಿಡ್ಡಾದ ಮಂಜು ಕವಿಯುತ್ತದೆ. ಏನೋ ಸಿಹಿ ವಾಸನೆ. ಕಾಲಡಿಯ ಮ್ಯಾಟು ಒದ್ದೆ. ಬೋನೆಟ್ಟಿನಡಿ ಇರಬೇಕಾದ ನೀರು ಕೂರುವ ಜಾಗಕ್ಕೆ ಬಂದದ್ದು ಹೇಗೆ?

ಪೆಟ್ರೋಲ್ ಇಂಜಿನಿನಲ್ಲಿ ಇಂಧನದ ಶಾಖದ ಮೂರರಲ್ಲೊಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೋಗುತ್ತದೆ. ಉಳಿದದ್ದನ್ನು ನೀರು ಹೊತ್ತು ಹೊರಹಾಕಬೇಕು. ಜರ್ಮನಿಯ ಕಾರ್ಲ್ ಬೆಂಜ್‌ನ ಮೊದಲ ಕಾರಿನಲ್ಲಿ ಈ ನೀರು ಸುಮ್ಮನೆ ಆವಿಯಾಗಿ ಹೋಗುತ್ತಿತ್ತು. 1888ರಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ನೂರು ಕಿಲೋಮೀಟರಿಗೂ ಮಿಕ್ಕಿದ ಪ್ರಯಾಣ ಹೊರಟಾಗ ದಾರಿಯುದ್ದಕ್ಕೂ ನೀರು ತುಂಬಿಸಬೇಕಾಯಿತು. ಅದೇ ನೀರನ್ನು ತಣಿಸಿ ಮತ್ತೆ ಬಳಸುವ ಪರಿಣಾಮಕಾರಿ ಉಪಾಯ ಕೊಟ್ಟವನು ವಿಲ್‌ಹೆಲ್ಮ್ ಮೇಬಾಕ್. 1900ರ ಸುಮಾರಿಗೆ ಅವನು 8,000ಕ್ಕೂ ಮಿಕ್ಕಿದ ಸಣ್ಣ ಕೊಳವೆಗಳನ್ನು ಜೇನುಗೂಡಿನಂತೆ ಜೋಡಿಸಿ ಮರ್ಸಿಡಿಸ್ ಕಾರಿನ ಮುಂದಕ್ಕೆ ಇಟ್ಟ. ಇಂದಿನ ರೇಡಿಯೇಟರಿನ ಮೂಲ ಅದೇ.

ದಕ್ಷಿಣ ಕನ್ನಡಕ್ಕೆ ಈ ವಿದ್ಯೆ ಬಂದದ್ದು ಕಾರಿಗಿಂತ ಹೆಚ್ಚಾಗಿ ಬಸ್ಸಿನ ಮೂಲಕ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಹುಟ್ಟಿತು. ಜನರ ಬಾಯಲ್ಲಿ ಅದು ಸಿ.ಪಿ.ಸಿ. ಸೇತುವೆಗಳಿಲ್ಲದ ಆ ಕಾಲದಲ್ಲಿ ಹೊಳೆ ಬಂದಲ್ಲೆಲ್ಲ ಇಳಿದು, ದೋಣಿ ದಾಟಿ, ಆಚೆ ದಡದಲ್ಲಿ ಕಾದಿರುವ ಬಸ್ಸು ಹತ್ತಬೇಕಿತ್ತು. ಹೊಳೆಯ ನೀರು ಬಸ್ಸಿಗೆ ಅಡ್ಡಿ, ಆದರೆ ಕೊಡದ ನೀರಿಲ್ಲದೆ ಬಸ್ಸು ಓಡದು! ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ದೇಶದ ಅನೇಕ ಬಸ್ಸುಗಳಿಗೆ ಇದ್ದಲಿನ ಗ್ಯಾಸಿನ ಒಲೆಯನ್ನೇ ಕಟ್ಟಲಾಯಿತು. ಶಕ್ತಿ ಕಡಿಮೆಯಾದ ಆ ಬಸ್ಸುಗಳು ಏರಿನಲ್ಲಿ ಏದುಸಿರು ಬಿಡುತ್ತಿದ್ದವು.

ಘಾಟಿಯ ನಡುವೆ ತೊರೆಯ ಬಳಿ ಬಸ್ಸು ನಿಲ್ಲುವುದು, ಕ್ಲೀನರ್ ಒದ್ದೆ ಬಟ್ಟೆ ಹಿಡಿದು ಮುಚ್ಚಳ ತಿರುಗಿಸುವುದು, ಬುಸ್ಸೆಂದು ಹಬೆ ಏಳುವುದು, ಡಬ್ಬದಲ್ಲಿ ನೀರು ಹೊಯ್ಯುವುದು ಪ್ರಯಾಣದ ಭಾಗವೇ ಆಗಿತ್ತು. ಬಸ್ಸಿಗೆ ಬಾಯಾರಿಕೆ, ನೀರು ಕೊಟ್ಟರೆ ಸರಿ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದ್ದು ಹಾಗೆ. ಅದು ತಪ್ಪೂ ಆಗಿರಲಿಲ್ಲ. ಹಳೆಯ ವಾಹನಗಳ ನೀರಿನ ತೊಟ್ಟಿ ಬಹುಮಟ್ಟಿಗೆ ತೆರೆದ ಪಾತ್ರೆಯಂತೆಯೇ ಇತ್ತು.

ಇಂದಿನದು ಹಾಗಲ್ಲ, ಅದು ಪ್ರೆಶರ್ ಕುಕ್ಕರ್. ಮುಚ್ಚಳ ಒತ್ತಡವನ್ನು ಹಿಡಿದಿಡುವುದರಿಂದ ಒಳಗಿನ ದ್ರವ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಇಳಿದು, ದ್ರವ ಒಮ್ಮೆಗೇ ಹಬೆಯಾಗಿ ಮುಖಕ್ಕೆ, ಕೈಗೆ ಎರಚುತ್ತದೆ. ಬಸ್ಸಿನ ಕಾಲದ ಅಭ್ಯಾಸ ಕಾರಿನ ಕಾಲದಲ್ಲಿ ಸುಟ್ಟ ಗಾಯವಾಗುವುದು ಇಲ್ಲಿಯೇ.

ಇನ್ನು ಕಾಲಡಿಯ ಒದ್ದೆಯ ವಿಷಯ. ಚಳಿಯ ದೇಶಗಳಿಗೆ ಎರಡು ಸಂಕಟಗಳಿದ್ದವು. ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಇಂಜಿನೇ ಬಿರಿಯುತ್ತದೆ. ಅದಕ್ಕಾಗಿ 1920ರ ದಶಕದಲ್ಲಿ ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ನೀರಿಗೆ ಬೆರೆಸಲಾರಂಭಿಸಿದರು. ಎರಡನೆಯದು ಕುಳಿತವರ ಚಳಿ. ಮೊದಲು ಬಿಸಿ ಇಟ್ಟಿಗೆ, ಇದ್ದಲಿನ ಪೆಟ್ಟಿಗೆಗಳಿಂದ ಕಾಲು ಕಾಯಿಸಿಕೊಳ್ಳುತ್ತಿದ್ದರು. 1930ರ ಸುಮಾರಿಗೆ ಇಂಜಿನಿನ ಬಿಸಿ ನೀರನ್ನೇ ಒಳಕ್ಕೆ ತಂದು, ಡ್ಯಾಶ್‌ಬೋರ್ಡಿನ ಹಿಂದೆ ಪುಟ್ಟ ರೇಡಿಯೇಟರೊಂದನ್ನು ಕೂರಿಸುವ ಕ್ರಮ ಬಂತು. ಅದೇ ಹೀಟರ್. ನಮ್ಮ ಬಸ್ಸುಗಳಲ್ಲಿ ಚಾಲಕನ ಪಕ್ಕದ ಇಂಜಿನಿನ ಮುಚ್ಚಳದ ಮೇಲೆ ಕುಳಿತು ಹೋದವರಿಗೆ ಇಂಥ ಯಂತ್ರ ಬೇಕೆಂದು ಕನಸಿನಲ್ಲೂ ತೋಚಲಾರದು.

ಆದರೂ ಕಟಪಾಡಿಯ ಕಾರಿನಲ್ಲಿ ಅದು ಇದೆ. ಅನೇಕ ಕಾರುಗಳಲ್ಲಿ ಹೀಟರ್ ಹಾಕದಿದ್ದಾಗಲೂ ಬಿಸಿ ದ್ರವ ಅದರೊಳಗೆ ಹರಿಯುತ್ತಲೇ ಇರುತ್ತದೆ. ಕಡಲ ಕರೆಯ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುವುದು ಮಟ್ಟು, ಕಟಪಾಡಿ ಸುತ್ತಿನವರಿಗೆ ಗೊತ್ತು. ಅಂಥ ನೀರನ್ನೇ ವರ್ಷಗಟ್ಟಲೆ ಹೊಯ್ದರೆ ತೆಳುವಾದ ಲೋಹ ಒಳಗಿನಿಂದ ಸವೆದು ತೂತಾಗುತ್ತದೆ. ನಮಗೆ ಕೂಲಂಟ್ ಬೇಕಾದದ್ದು ಹೆಪ್ಪಿನ ಭಯಕ್ಕಲ್ಲ; ಅದರಲ್ಲಿ ಬೆರೆಸಿರುವ, ತುಕ್ಕು ತಡೆಯುವ ವಸ್ತುಗಳಿಗಾಗಿ. ಕುದಿಯುವ ಬಿಂದುವೂ ತುಸು ಮೇಲೇರುತ್ತದೆನ್ನಿ.

ಒದ್ದೆ ಮ್ಯಾಟು ಕಂಡೊಡನೆ ಗಾಬರಿ ಬೇಡ. ನಮ್ಮ ಸೆಕೆಯಲ್ಲಿ ಏಸಿಯ ನೀರು ಹೊರಹೋಗುವ ಕೊಳವೆ ಕಟ್ಟಿದರೂ ಹೀಗಾಗುತ್ತದೆ. ಆ ನೀರಿಗೆ ಬಣ್ಣ, ವಾಸನೆ, ಜಿಡ್ಡು ಇರುವುದಿಲ್ಲ. ಬೆರಳಿಗೆ ಜಾರುವಂತಿದ್ದು ಸಿಹಿ ವಾಸನೆಯಿದ್ದರೆ ಅದು ಕೂಲಂಟ್. ಮುಳ್ಳೂ ಏರಿದ್ದರೆ ಗಾಡಿಯನ್ನು ಬದಿಗೆ ನಿಲ್ಲಿಸಿ ಇಂಜಿನು ಆರಿಸಬೇಕು. ಪೂರ್ತಿ ತಣಿಯುವ ತನಕ ಮುಚ್ಚಳ ಮುಟ್ಟಬಾರದು. ಕಾದ ಇಂಜಿನಿಗೆ ತಣ್ಣೀರು ಹೊಯ್ದರೆ ಲೋಹ ಬಿರಿಯಬಹುದು. ಬಿಸಿ ಏರಿದಾಗ ಹೀಟರ್ ಹಾಕಿ ಶಾಖ ಹೊರತೆಗೆಯುವ ಹಳೆಯ ಉಪಾಯ ಒಳ್ಳೆಯದೇ, ಆದರೆ ಸೋರುತ್ತಿರುವುದು ಹೀಟರೇ ಆದಾಗ ಅಲ್ಲ. ಸಿಹಿಯಾದ ಗ್ಲೈಕಾಲ್ ಮೂತ್ರಪಿಂಡ ಕೆಡಿಸುವ ವಿಷ. ನೆಲಕ್ಕೆ ಚೆಲ್ಲಿದ್ದನ್ನು ಮಕ್ಕಳು, ನಾಯಿಗಳು ಬಾಯಿಗೆ ಹಾಕದಂತೆ ತೊಳೆದು ಬಿಡಬೇಕು.

ಗ್ಯಾರೇಜಿನಲ್ಲಿ ಹೊಸ ಹೀಟರ್ ಕೂರಿಸಲು ಅನೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು. ಅದರ ಮಜೂರಿ ದೊಡ್ಡದು. ಹಾಗಾಗಿ ಹೀಟರಿಗೆ ಹೋಗುವ, ಬರುವ ಎರಡು ಪೈಪುಗಳನ್ನು ಬೋನೆಟ್ಟಿನಡಿಯಲ್ಲೇ ಒಂದಕ್ಕೊಂದು ಜೋಡಿಸಿ ಬಿಡುವುದೂ ಉಂಟು. ಸೋರಿಕೆ ನಿಲ್ಲುತ್ತದೆ, ಬೇಸಿಗೆಯಿಡೀ ಕೊರತೆಯೇನೂ ಕಾಣದು. ಆಟಿಯ ಮಳೆಯಲ್ಲಿ ಗಾಜು ಮಬ್ಬಾಗಿ, ಅದನ್ನು ಬೇಗ ತಿಳಿಯಾಗಿಸಲು ತುಸು ಬಿಸಿಗಾಳಿ ಬೇಕೆನಿಸಿದಾಗ ಮಾತ್ರ ಆ ಚಳಿದೇಶದ ಪೆಟ್ಟಿಗೆಯ ನೆನಪಾಗುತ್ತದೆ.